ವಿಯೆನ್ನಾದ ಕಾಫಿ ಬಿಲ್: ಕಪ್‌ಗೆ ಎಷ್ಟು, ಕುರ್ಚಿಗೆ ಎಷ್ಟು?

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ತಪ್ಪು ತಿಳಿವಳಿಕೆಯಿಂದ. ನನ್ನದೇ ತಪ್ಪು ತಿಳಿವಳಿಕೆ.

ವಿಯೆನ್ನಾದಲ್ಲಿ ನನ್ನ ಮೊದಲ ದಿನ. ಒಂದು ಹಳೇ ಕಾಫಿಹೌಸ್‌ಗೆ ಹೋಗಿ ಕೂತೆ. ಕಾಫಿ ಬಂತು, ಕುಡಿದಾಯ್ತು. ಬಿಲ್ ಬರಲಿಲ್ಲ. ಹತ್ತು ನಿಮಿಷ ಆಯ್ತು, ಇಪ್ಪತ್ತು ಆಯ್ತು, ಮುಕ್ಕಾಲು ಗಂಟೆ ಆಯ್ತು. ಕಪ್ಪು ಕೋಟು ಹಾಕಿದ್ದ ವೇಟರ್ ನನ್ನ ಪಕ್ಕದಲ್ಲೇ ನಾಲ್ಕೈದು ಸಲ ಓಡಾಡಿದ್ರು. ಒಂದು ಸಲ ಬಂದು ಖಾಲಿ ನೀರಿನ ಲೋಟ ತೆಗೆದು, ತುಂಬಿದ ಲೋಟ ಇಟ್ಟು ಹೋದ್ರು. ಬಿಲ್ ಮಾತ್ರ ಇಲ್ಲ. ‘ಏನಪ್ಪಾ ಇದು, ನಮ್ಮನ್ನು ಲೆಕ್ಕಕ್ಕೇ ತಗೊಳ್ತಿಲ್ವಲ್ಲ’ ಅಂತ ಒಳಗೊಳಗೇ ಸಿಟ್ಟು ಬಂತು.

ಆಮೇಲೆ ಗೊತ್ತಾಯ್ತು, ಅಲ್ಲಿ ನಾವು ಕೇಳದೇ ಬಿಲ್ ತಂದಿಟ್ಟರೆ ‘ಎದ್ದು ಹೋಗಿ’ ಅಂದ ಹಾಗೆ. ತರದೇ ಇದ್ದದ್ದು ಮರ್ಯಾದೆ. ನಾನು ಅವಮಾನ ಅಂದುಕೊಂಡಿದ್ದು ಆ ಊರಿನ ಆತಿಥ್ಯ.

ನಾನು ಬಿ.ಕಾಂ ಓದಿದವನು. ನನ್ನ ತಲೆಯಲ್ಲಿ ಹೋಟೆಲ್ ಅಂದ್ರೆ ಒಂದೇ ಲೆಕ್ಕ: ಒಂದು ಟೇಬಲ್ ದಿನಕ್ಕೆ ಎಷ್ಟು ಸಲ ಖಾಲಿಯಾಗಿ ತುಂಬುತ್ತೆ? ನಮ್ಮ ಬೆಂಗಳೂರಿನ ದರ್ಶಿನಿಗಳು ಈ ಲೆಕ್ಕದಲ್ಲಿ ಪಿಎಚ್‌ಡಿ ಮಾಡಿವೆ. ಕುರ್ಚಿಯೇ ಇಲ್ಲ, ನಿಂತು ತಿನ್ನಿ, ಹತ್ತು ನಿಮಿಷದಲ್ಲಿ ಜಾಗ ಬಿಡಿ. ಅದಕ್ಕೇ ಅಲ್ಲಿ ಕಾಫಿ ಅಗ್ಗ. ವಿಯೆನ್ನಾ ಇದರ ತದ್ವಿರುದ್ಧ. ಒಂದು ಕಪ್ ಕಾಫಿಗೆ ಐದಾರು ಯೂರೋ, ಅಂದ್ರೆ ಐನೂರು ರೂಪಾಯಿ ಮೇಲೆ. ಮೊದಲು ಎದೆ ಧಸಕ್ ಅನ್ನುತ್ತೆ. ಆದರೆ ಆ ದುಡ್ಡಲ್ಲಿ ಕಾಫಿಯ ಪಾಲು ಚಿಕ್ಕದು. ಉಳಿದದ್ದೆಲ್ಲ ಕುರ್ಚಿ, ದಿನಪತ್ರಿಕೆ, ಬೆಚ್ಚಗಿನ ಕೋಣೆ ಮತ್ತು ಸಮಯದ ಬಾಡಿಗೆ. ಇದೊಂದು ಅರ್ಥ ಆದ್ರೆ ವಿಯೆನ್ನಾ ಅರ್ಧ ಅರ್ಥ ಆದ ಹಾಗೆ.

ಈ ಅಭ್ಯಾಸ ಬಂದದ್ದು ಎಲ್ಲಿಂದ?

ಅಲ್ಲಿನ ಗೈಡ್‌ಗಳು ಹೇಳುವ ಕಥೆ ಇದು. 1683ರಲ್ಲಿ ಆಟೋಮನ್ ತುರ್ಕರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿ ಸೋತು ಓಡುವಾಗ ಕಾಫಿ ಬೀಜದ ಮೂಟೆಗಳನ್ನು ಬಿಟ್ಟು ಹೋದ್ರಂತೆ, ಕೊಲ್ಷಿಟ್ಸ್ಕಿ ಅನ್ನುವ ಗೂಢಚಾರ ಅದನ್ನು ತಗೊಂಡು ಮೊದಲ ಕಾಫಿಹೌಸ್ ತೆರೆದನಂತೆ. ಕೇಳೋಕೆ ಚೆನ್ನಾಗಿದೆ. ನಮ್ಮ ಬಾಬಾಬುಡನ್ ಏಳು ಬೀಜ ತಂದ ಕಥೆಯ ಹಾಗೆ. ಆದರೆ ದಾಖಲೆ ಹೇಳೋದು ಬೇರೆ: 1685ರಲ್ಲಿ ಕಾಫಿ ಮಾರುವ ಅನುಮತಿ ಪಡೆದದ್ದು ಯೊಹಾನೆಸ್ ಡಿಯೊಡಾಟೊ ಅನ್ನುವ ಆರ್ಮೇನಿಯನ್ ವ್ಯಾಪಾರಿ.

ಕಾಫಿ ಹೀಗೆ ಬಂತು. ಗಂಟೆಗಟ್ಟಲೆ ಕೂರುವ ಅಭ್ಯಾಸಕ್ಕೆ ಇನ್ನೊಂದು ಕಾರಣ ಇದೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಸಾಮ್ರಾಜ್ಯದ ಮೂಲೆಮೂಲೆಯಿಂದ ಜನ ಕೆಲಸ ಹುಡುಕಿ ವಿಯೆನ್ನಾಕ್ಕೆ ಬಂದರು. 1910ರ ಹೊತ್ತಿಗೆ ಜನಸಂಖ್ಯೆ 20 ಲಕ್ಷ ದಾಟಿತ್ತು. ಮನೆಗಳು ಸಾಲಲಿಲ್ಲ. ದಿನಕ್ಕೆ ಕೆಲವು ಗಂಟೆ ಬರೀ ಒಂದು ಹಾಸಿಗೆಯನ್ನು ಬಾಡಿಗೆಗೆ ಪಡೆಯುವವರೂ ಇದ್ದರು. ಬಾಡಿಗೆ ಕೋಣೆಗಳು ಇಕ್ಕಟ್ಟು, ಚಳಿಗಾಲದಲ್ಲಿ ಒಲೆ ಉರಿಸೋಕೂ ದುಡ್ಡು ಬೇಕು. ಅಂಥಾ ಕೋಣೆಯಲ್ಲಿರುವ ಬರಹಗಾರನಿಗೆ, ವಿದ್ಯಾರ್ಥಿಗೆ, ಗುಮಾಸ್ತನಿಗೆ ಒಂದು ಕಪ್ ಕಾಫಿ ದುಡ್ಡಲ್ಲಿ ಬೆಚ್ಚಗಿನ ಹಾಲ್, ಹತ್ತಾರು ಪತ್ರಿಕೆ, ಮಾತಾಡೋಕೆ ಜನ ಎಲ್ಲಾ ಸಿಕ್ಕಿತು. ಪೀಟರ್ ಆಲ್ಟನ್‌ಬರ್ಗ್ ಅನ್ನುವ ಲೇಖಕ ತನ್ನ ಅಂಚೆ ವಿಳಾಸವನ್ನೇ ‘ಕೆಫೆ ಸೆಂಟ್ರಲ್’ ಅಂತ ಕೊಡ್ತಿದ್ದ. ಇವತ್ತಿಗೂ ಕೆಫೆ ಸೆಂಟ್ರಲ್ ಬಾಗಿಲ ಹತ್ತಿರ ಅವನ ಬೊಂಬೆ ಕೂತಿದೆ.

2011ರಲ್ಲಿ ಈ ಕಾಫಿಹೌಸ್ ಸಂಸ್ಕೃತಿಯನ್ನು ಆಸ್ಟ್ರಿಯಾದ ಯುನೆಸ್ಕೋ ಆಯೋಗ ತನ್ನ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಯುನೆಸ್ಕೋದ ವಿಶ್ವ ಪಟ್ಟಿ ಅಂತ ಎಷ್ಟೋ ಕಡೆ ಬರೆದಿರ್ತಾರೆ, ಅದು ತಪ್ಪು.

ಆರ್ಡರ್ ಮಾಡೋದು ಹೇಗೆ?

‘ಒಂದು ಕಾಫಿ ಕೊಡಿ’ ಅಂದ್ರೆ ‘ಯಾವುದು?’ ಅಂತ ಮರುಪ್ರಶ್ನೆ ಬರುತ್ತೆ. ಮೂರು ಹೆಸರು ನೆನಪಿಟ್ಟರೆ ಸಾಕು. ‘ಮೆಲಾಂಜ್’ ಅಂದ್ರೆ ಹಾಲು, ಮೇಲೆ ಹಾಲಿನ ನೊರೆ ಇರುವ ಹದವಾದ ಕಾಫಿ. ನಮ್ಮ ನಾಲಿಗೆಗೆ ಹತ್ತಿರದ್ದು ಇದೇ. ‘ಬ್ರೌನರ್’ ಅಂದ್ರೆ ಕಡುಕಾಫಿ, ಪಕ್ಕದಲ್ಲಿ ಪುಟ್ಟ ಜಗ್‌ನಲ್ಲಿ ಹಾಲು ಅಥವಾ ಕ್ರೀಮ್. ‘ಐನ್‌ಶ್ಪೆನರ್’ ಅಂದ್ರೆ ಗಾಜಿನ ಲೋಟದಲ್ಲಿ ಕಪ್ಪು ಕಾಫಿ, ಮೇಲೆ ದಪ್ಪಗೆ ಕಡೆದ ಕ್ರೀಮ್. ಒಂಟಿ ಕುದುರೆ ಗಾಡಿಯಿಂದ ಬಂದ ಹೆಸರು ಅದು. ಗಾಡಿ ಓಡಿಸುವವರು ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಲೋಟ ಹಿಡಿಯೋರು, ಕ್ರೀಮ್ ಮುಚ್ಚಳದ ಹಾಗೆ ಕಾಫಿಯನ್ನು ಬಿಸಿಯಾಗಿಡ್ತಿತ್ತು ಅಂತಾರೆ.

ಕಾಫಿ ಜೊತೆ ಒಂದು ಲೋಟ ನೀರು ಬರುತ್ತೆ, ಅದು ನಲ್ಲಿ ನೀರೇ. ಮುಖ ಸಿಂಡರಿಸಬೇಡಿ. ಆಲ್ಪ್ಸ್ ಬೆಟ್ಟಗಳ ಚಿಲುಮೆ ನೀರನ್ನು ಊರಿಗೆ ತರುವ ಮೊದಲ ಕಾಲುವೆ 1873ರಲ್ಲಿ, ಎರಡನೆಯದು 1910ರಲ್ಲಿ ಶುರುವಾಯ್ತು. ಇಳಿಜಾರಿನಲ್ಲೇ ಊರು ತಲುಪುತ್ತೆ. ಬಾಟಲಿ ನೀರಿಗೆ ದುಡ್ಡು ಹಾಕಬೇಕಿಲ್ಲ.

ಇನ್ನು ದುಡ್ಡು ಕೊಡೋ ವಿಷಯ. ಇಲ್ಲಿ ನಾನು ಏಟು ತಿಂದಿದ್ದೀನಿ. ಒಂಬತ್ತು ಯೂರೋ ಚಿಲ್ಲರೆ ಬಿಲ್‌ಗೆ 20ರ ನೋಟು ಕೊಟ್ಟು, ನಗುತ್ತಾ ‘ಡಾಂಕೆ’ ಅಂದೆ. ಥ್ಯಾಂಕ್ಸ್ ಅನ್ನೋ ಅರ್ಥದಲ್ಲಿ. ನೋಟು ಕೊಡುವಾಗ ‘ಡಾಂಕೆ’ ಅಂದ್ರೆ ‘ಚಿಲ್ಲರೆ ನೀವೇ ಇಟ್ಕೊಳ್ಳಿ’ ಅಂತ ಅರ್ಥ! ಅವರು ತುಂಬಾ ಖುಷಿಯಿಂದ ಥ್ಯಾಂಕ್ಸ್ ಹೇಳಿ ಹೋದ್ರು. ಪದ್ಧತಿ ಏನಂದ್ರೆ, ಬಿಲ್ ಮೇಲೆ ಹತ್ತು ಪರ್ಸೆಂಟ್ ಆಸುಪಾಸು ಸೇರಿಸಿ ಒಟ್ಟು ಮೊತ್ತವನ್ನು ಬಾಯಲ್ಲಿ ಹೇಳಬೇಕು. ‘ಹತ್ತು’ ಅಂದಿದ್ರೆ ಉಳಿದ ಹತ್ತು ವಾಪಸ್ ಬರ್ತಿತ್ತು.

ತಟ್ಟೆಯಲ್ಲಿ ಒಂದು ಸಾಮ್ರಾಜ್ಯ

ಕಾಫಿಹೌಸ್‌ನಲ್ಲಿ ಊಟವೂ ಸಿಗುತ್ತೆ. ಮೆನು ನೋಡಿದ್ರೆ ಹಳೇ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ನಕ್ಷೆ ನೋಡಿದ ಹಾಗೆ. ಗೂಲಾಷ್ ಹಂಗೇರಿಯದ್ದು. ಕ್ನೋಡೆಲ್ ಅನ್ನುವ ಕಡುಬಿನಂಥ ಉಂಡೆಗಳಿಗೂ ಜಾಮ್ ತುಂಬಿದ ಬುಖ್ಟೆಲ್ನ್ ಬನ್‌ಗಳಿಗೂ ಬೊಹೀಮಿಯಾದ, ಅಂದ್ರೆ ಇವತ್ತಿನ ಚೆಕ್ ನಾಡಿನ ನಂಟು. 1939ರಲ್ಲಿ ಶುರುವಾದ ಕೆಫೆ ಹಾವೆಲ್ಕಾದಲ್ಲಿ ಈ ಬನ್ ಕತ್ತಲಾದ ಮೇಲೆ ಬಿಸಿಬಿಸಿಯಾಗಿ ಬರುತ್ತೆ.

ವೀನರ್ ಶ್ನಿಟ್ಸೆಲ್ ಅಂತ ಬರೀ ಹೆಸರಿದ್ರೆ ಅದು ಎಳೆಗರುವಿನ ಮಾಂಸ. ಹಂದಿ ಮಾಂಸದ್ದಾದರೆ ಹಾಗಂತ ಬರೆದಿರಲೇಬೇಕು. ತಿನ್ನದವರು ಮೊದಲೇ ತಿಳ್ಕೊಂಡಿರಿ. ಸಸ್ಯಾಹಾರಿಗಳಿಗೆ ದಾರಿ ಇದೆ, ಆದರೆ ಮೊಟ್ಟೆ ವಿಚಾರ ಕೇಳಬೇಕು. ಚೀಸ್ ಹಾಕಿದ ಶ್ಪೆಟ್ಸ್‌ಲೆ, ಪ್ಲಮ್ ಗೊಜ್ಜಿನ ಜೊತೆ ಕೊಡುವ ಕೈಸರ್‌ಶ್ಮಾರ್ನ್ ಎರಡರಲ್ಲೂ ಮೊಟ್ಟೆ ಇರುತ್ತೆ. ಸೇಬಿನ ಸ್ಟ್ರೂಡೆಲ್ ಅಂತೂ ಬಿಡಬೇಡಿ. ಅದರ ಹಿಟ್ಟನ್ನು ಕೈಯ ಹಿಂಬದಿಯಲ್ಲಿ ಎಳೆದೆಳೆದು, ಕೆಳಗಿಟ್ಟ ಪತ್ರಿಕೆ ಓದಬಹುದು ಅನ್ನುವಷ್ಟು ತೆಳ್ಳಗೆ ಮಾಡ್ತಾರೆ. ನನಗೆ ಬೆಳಗಾವಿಯ ಮಂಡಿಗೆ ನೆನಪಾಯ್ತು.

ಸಾಖರ್ ಟೋರ್ಟೆ ಅನ್ನುವ ಚಾಕೊಲೇಟ್ ಕೇಕ್‌ದು ಕಾಮರ್ಸ್ ಓದಿದವರಿಗೆ ಇಷ್ಟವಾಗುವ ಕಥೆ. 1832ರಲ್ಲಿ ಫ್ರಾಂಟ್ಸ್ ಸಾಖರ್ ಅನ್ನುವ 16 ವರ್ಷದ ಹುಡುಗ ಮೆಟರ್ನಿಕ್ ಎಂಬ ಮಂತ್ರಿಯ ಔತಣಕ್ಕೆ ಇದನ್ನು ಮಾಡಿದ ಅಂತ ಹೇಳ್ತಾರೆ. ‘ಒರಿಜಿನಲ್’ ಅನ್ನುವ ಪದ ಯಾರದ್ದು ಅಂತ ಹೋಟೆಲ್ ಸಾಖರ್ ಮತ್ತು ಡೆಮೆಲ್ ಬೇಕರಿ ವರ್ಷಗಟ್ಟಲೆ ಕೋರ್ಟ್‌ನಲ್ಲಿ ಕಿತ್ತಾಡಿ, 1963ರಲ್ಲಿ ರಾಜಿ ಆದವು. ‘ಒರಿಜಿನಲ್’ ಹೋಟೆಲ್‌ಗೆ ಹೋಯ್ತು. ಹೋಟೆಲ್‌ನ ಕೇಕ್‌ಗೆ ಏಪ್ರಿಕಾಟ್ ಜಾಮ್ ನಡುವೆಯೂ ಇದೆ, ಚಾಕೊಲೇಟ್ ಪದರದ ಕೆಳಗೂ ಇದೆ. ಡೆಮೆಲ್‌ನದಕ್ಕೆ ಚಾಕೊಲೇಟ್ ಕೆಳಗೆ ಮಾತ್ರ. ತಿಂದ್ರೆ ಸ್ವಲ್ಪ ಒಣ ಅನ್ಸುತ್ತೆ, ಅದಕ್ಕೇ ಪಕ್ಕದಲ್ಲಿ ಸಕ್ಕರೆ ಇಲ್ಲದ ಕ್ರೀಮ್ ಕೊಡೋದು. ಜೊತೆಗೇ ತಿನ್ನಿ.

ನಿಂತು ನೋಡುವ ಒಪೆರಾ

ಕಡಿಮೆ ದುಡ್ಡಿಗೆ ಜಾಗ ಕೊಡುವ ಈ ಬುದ್ಧಿ ಕಾಫಿಹೌಸ್‌ಗೆ ಮಾತ್ರ ಅಲ್ಲ. ವಿಯೆನ್ನಾ ಸ್ಟೇಟ್ ಒಪೆರಾದಲ್ಲಿ ಒಳ್ಳೇ ಸೀಟಿಗೆ ನೂರಾರು ಯೂರೋ. ಆದರೆ 400ಕ್ಕೂ ಹೆಚ್ಚು ಜನ ನಿಂತು ನೋಡುವ ಜಾಗಗಳಿವೆ, ಅವುಗಳ ಬೆಲೆ ಒಂದು ಸಾಧಾರಣ ಊಟದಷ್ಟು. ಕಂಬಿಗೆ ಸ್ಕಾರ್ಫ್ ಕಟ್ಟಿದ್ರೆ ಆ ಜಾಗ ನಿಮ್ಮದು. ನಮ್ಮ ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕೋದು ನೆನಪಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು, ಮುಂದಿರುವ ಪುಟ್ಟ ಪರದೆಯಲ್ಲಿ ಹಾಡಿನ ಇಂಗ್ಲಿಷ್ ಅನುವಾದ ಬರುವ ಹಾಗೆ ಮಾಡಿಕೊಟ್ಟರು. ಈ ಕಟ್ಟಡ 1945ರ ಮಾರ್ಚ್‌ನಲ್ಲಿ ಬಾಂಬಿಗೆ ಸಿಕ್ಕಿ ಸುಟ್ಟುಹೋಗಿ, 1955ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು.

ಖಾಲಿಯಾದ ಕುರ್ಚಿಗಳು

ಇಷ್ಟು ಹೇಳಿ ನಿಲ್ಲಿಸಿದ್ರೆ ಇದು ಬರೀ ಪ್ರವಾಸದ ಎಪಿಸೋಡ್ ಆಗ್ತಿತ್ತು. ಕೆಫೆ ಸೆಂಟ್ರಲ್‌ನಿಂದ ಕೆಲವೇ ನಿಮಿಷ ನಡೆದ್ರೆ ಯೂಡನ್‌ಪ್ಲಾಟ್ಸ್ ಅನ್ನುವ ಚೌಕ ಸಿಗುತ್ತೆ. ನಡುವೆ ಕಾಂಕ್ರೀಟಿನ ಒಂದು ಕೋಣೆ. ಗೋಡೆ ತುಂಬಾ ಪುಸ್ತಕಗಳ ಸಾಲು, ಆದರೆ ಎಲ್ಲದರ ಬೆನ್ನು ಒಳಮುಖ. ಹಾಗಾಗಿ ಒಂದರ ಹೆಸರೂ ಕಾಣಲ್ಲ. ಬಾಗಿಲಿದೆ, ಹಿಡಿ ಇಲ್ಲ. ರೇಚಲ್ ವೈಟ್‌ರೀಡ್ ಅನ್ನುವ ಬ್ರಿಟಿಷ್ ಕಲಾವಿದೆ ಮಾಡಿದ ಈ ಸ್ಮಾರಕ 2000ದಲ್ಲಿ ಅನಾವರಣ ಆಯ್ತು. ನಾಜಿಗಳು ಕೊಂದ ಸುಮಾರು 65,000 ಆಸ್ಟ್ರಿಯನ್ ಯಹೂದಿಗಳ ನೆನಪಿಗೆ.

ಇದಕ್ಕೂ ಕಾಫಿಗೂ ಏನು ಸಂಬಂಧ? ವಿಯೆನ್ನಾದ ಕಾಫಿಹೌಸ್‌ಗಳನ್ನು ಜಗತ್ಪ್ರಸಿದ್ಧ ಮಾಡಿದ ಲೇಖಕರು, ಪತ್ರಕರ್ತರು, ವೈದ್ಯರಲ್ಲಿ ಬಹಳಷ್ಟು ಜನ ಯಹೂದಿಗಳು. ಮೊನ್ನೆ ಹೇಳಿದ ಹಾಗೆ ಕೇಳಿಸುತ್ತೆ, 1938ರ ಮಾರ್ಚ್‌ನಲ್ಲಿ ಹಿಟ್ಲರ್‌ನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಕೆಫೆ ಲಾಂಟ್‌ಮನ್‌ಗೆ ಹೋಗ್ತಿದ್ದ ಸಿಗ್ಮಂಡ್ ಫ್ರಾಯ್ಡ್ ಜೂನ್‌ನಲ್ಲಿ ಲಂಡನ್‌ಗೆ ಹೋಗಬೇಕಾಯ್ತು, ಮರುವರ್ಷ ಅಲ್ಲೇ ತೀರಿಕೊಂಡರು. ಕಾಫಿಹೌಸ್ ಅಂದ್ರೆ ಅಗ್ಗದ ಕಪ್ ಕಾಫಿ ದುಡ್ಡಿಗೆ ಯಾರು ಬೇಕಾದರೂ ಸೇರಬಹುದಾದ ಕ್ಲಬ್ ಅಂತ ಬಣ್ಣಿಸಿದ ಸ್ಟೀಫನ್ ಜ್ವೈಗ್, 1942ರಲ್ಲಿ ಬ್ರೆಜಿಲ್‌ನಲ್ಲಿ ಜೀವ ಕಳೆದುಕೊಂಡರು. ‘ಯಾರು ಬೇಕಾದರೂ’ ಅನ್ನುವ ಮಾತು ಎಷ್ಟು ಬೇಗ ಸುಳ್ಳಾಯ್ತು ನೋಡಿ. ಕುರ್ಚಿಗಳು ಉಳಿದವು, ಕೂರುತ್ತಿದ್ದವರು ಉಳಿಯಲಿಲ್ಲ.

ಆ ಚೌಕದಿಂದ ವಾಪಸ್ ಬರುವಾಗ ಕೆಫೆ ಸೆಂಟ್ರಲ್ ಮುಂದೆ ಉದ್ದ ಕ್ಯೂ ಇತ್ತು. ಒಳಗೆ ಹೋದವರು ಕೇಕ್ ಫೋಟೋ ತೆಗೆದು, ತಿಂದು, ಬೇಗ ಎದ್ದು ಬರ್ತಿದ್ರು. ಅವರ ತಪ್ಪಲ್ಲ, ನಾನೂ ಹಿಂದಿನ ದಿನ ಅದನ್ನೇ ಮಾಡಿದ್ದೆ. ಆದರೆ ನಾವೆಲ್ಲ ಹೀಗೆ ಬಂದು ಹೀಗೆ ಹೋದ್ರೆ, ಬಿಲ್ ತರದೇ ಕಾಯುವ ಆ ವೇಟರ್‌ಗೆ ಅರ್ಥವೇ ಇರಲ್ಲ. ಅಲ್ಲೂ ಕೊನೆಗೆ ಟೇಬಲ್ ಲೆಕ್ಕವೇ ಗೆಲ್ಲುತ್ತೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಹೆಸರುವಾಸಿ ಜಾಗಗಳನ್ನು ಒಂದು ಸಲ ನೋಡಿ. ಆಮೇಲೆ ನೀವು ಉಳಿದುಕೊಂಡ ಬಡಾವಣೆಯಲ್ಲಿ ಒಂದು ಸಾದಾ ಕಾಫಿಹೌಸ್ ಹುಡುಕಿ. ನೋಡೋ ಜಾಗಗಳ ಪಟ್ಟಿಯಿಂದ ಒಂದನ್ನು ಕೈಬಿಟ್ಟು, ಒಂದು ಇಡೀ ಮಧ್ಯಾಹ್ನ ಅಲ್ಲಿ ಕೂತ್ಕೊಳ್ಳಿ. ಫೋನ್ ಜೇಬಲ್ಲಿರಲಿ. ನೀವು ಬಾಡಿಗೆ ಕೊಟ್ಟಿದ್ದೀರಿ, ಸಂಕೋಚ ಬೇಡ.

ನಾನು ಕೊನೆಯ ದಿನ ಹಾಗೇ ಮಾಡಿದೆ. ಮೂರು ಗಂಟೆ, ಒಂದು ಮೆಲಾಂಜ್, ನಾಲ್ಕು ಲೋಟ ನೀರು. ಏಳುವಾಗ ನಾನೇ ಕೈ ಎತ್ತಿ ಬಿಲ್ ಕೇಳಿದೆ, ಟಿಪ್ಸ್ ಸೇರಿಸಿ ಮೊತ್ತವನ್ನು ಬಾಯಲ್ಲೇ ಹೇಳಿದೆ. ‘ಡಾಂಕೆ’ ಅಂದದ್ದು ಚಿಲ್ಲರೆ ಕೈಗೆ ಬಂದ ಮೇಲೆ.