ಕೇಳಿಸಿಕೊಂಡೇ ಕಲಿಯುವ ಸ್ವಿಚ್

ಕಾಲೇಜಿನ ಲ್ಯಾಬಿನಲ್ಲೋ ಬ್ಯಾಂಕಿನ ಮೂಲೆಯಲ್ಲೋ ಗೋಡೆಗೆ ಬಿಗಿದ ರ‍್ಯಾಕಿನಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಇರುತ್ತದೆ. ಅದರ ಮುಂದೆ ಎಂಟೋ ಇಪ್ಪತ್ತನಾಲ್ಕೋ ಪೋರ್ಟುಗಳು, ಅವಕ್ಕೆ ಸಿಕ್ಕಿಸಿದ ಕೇಬಲ್ಲುಗಳು, ಮಿನುಗುವ ಪುಟ್ಟ ದೀಪಗಳು. ಅದೇ ಈಥರ್ನೆಟ್ ಸ್ವಿಚ್. ಹೊಸ ಸ್ವಿಚ್ಚಿಗೆ ಕರೆಂಟು ಕೊಟ್ಟು ಕೇಬಲ್ ಚುಚ್ಚಿದರೆ ಕೆಲಸ ಶುರು. ಯಾವ ಕಂಪ್ಯೂಟರ್ ಯಾವ ಪೋರ್ಟಿನಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ, ಅದು ತಾನೇ ಕಲಿಯುತ್ತದೆ. ನೆಟ್‌ವರ್ಕ್ ಕೆಲಸಕ್ಕೆ ಇಳಿಯುವ ಎಂಜಿನಿಯರ್ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಈ ಕಲಿಕೆಯನ್ನು.

1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್ಕಾಫ್, ಡೇವಿಡ್ ಬಾಗ್ಸ್ ಕಂಪ್ಯೂಟರುಗಳನ್ನು ಬೆಸೆಯುವ ಈಥರ್ನೆಟ್ ಕಟ್ಟತೊಡಗಿದಾಗ ಎಲ್ಲ ಯಂತ್ರಗಳಿಗೂ ಸೇರಿ ಒಂದೇ ಕೇಬಲ್. ಎರಡು ಯಂತ್ರಗಳು ಒಟ್ಟಿಗೆ ಕಳುಹಿಸಿದರೆ ಸಂಕೇತಗಳು ಡಿಕ್ಕಿಯಾಗುತ್ತಿದ್ದವು. ಎರಡೂ ಬೇರೆಬೇರೆ ಹೊತ್ತು ಕಾದು ಮತ್ತೆ ಕಳುಹಿಸಬೇಕಿತ್ತು. ಮುಂದೆ ಬಂದ ಹಬ್ ಎಂಬ ಪೆಟ್ಟಿಗೆ ಕೂಡ ಡಂಗುರ ಸಾರಿದಂತೆ, ಒಬ್ಬರಿಗೆ ಬಂದದ್ದನ್ನು ಊರಿಗೆಲ್ಲ ಕೇಳಿಸುತ್ತಿತ್ತು. ಯಂತ್ರಗಳು ಹೆಚ್ಚಿದಷ್ಟೂ ಡಿಕ್ಕಿ ಹೆಚ್ಚು, ವೇಗ ಕಡಿಮೆ.

ಈ ತೊಡಕನ್ನು ಬಿಡಿಸಿದ್ದು ಸ್ವಿಚ್. ಭಾರತ ಮೂಲದ ವಿನೋದ್ ಭಾರದ್ವಾಜ್ ಅಮೆರಿಕದಲ್ಲಿ ಕಟ್ಟಿದ ‘ಕಲ್ಪನಾ’ ಕಂಪನಿ 1990ರಲ್ಲಿ ಏಳು ಪೋರ್ಟುಗಳ ಈಥರ್‌ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು.

ಸ್ವಿಚ್ಚಿನ ಒಳಗೆ ನಡೆಯುವುದು ಹೀಗೆ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ 48 ಬಿಟ್‌ಗಳ ಮ್ಯಾಕ್ ವಿಳಾಸವಿದೆ. ಸಾಮಾನ್ಯವಾಗಿ ಅದರ ಮೊದಲರ್ಧ ತಯಾರಕರ ಗುರುತು. ಕಂಪ್ಯೂಟರ್ ಕಳುಹಿಸುವ ಮಾಹಿತಿಯ ಕಟ್ಟಿಗೆ ಫ್ರೇಮ್ ಎನ್ನುತ್ತಾರೆ. ಫ್ರೇಮಿನ ಮೊದಲ 6 ಬೈಟುಗಳಲ್ಲಿ ತಲುಪಬೇಕಾದವರ ವಿಳಾಸ, ಮುಂದಿನ 6ರಲ್ಲಿ ಕಳುಹಿಸಿದವರ ವಿಳಾಸ. ಸ್ವಿಚ್ ಮೊದಲನೆಯದನ್ನು ನೋಡಿ ಕಳುಹಿಸುತ್ತದೆ, ಎರಡನೆಯದನ್ನು ನೋಡಿ ಕಲಿಯುತ್ತದೆ.

ಮೂರನೇ ಪೋರ್ಟಿನ ಕಂಪ್ಯೂಟರ್ ಏಳನೇ ಪೋರ್ಟಿನ ಪ್ರಿಂಟರಿಗೆ ಒಂದು ಫ್ರೇಮ್ ಕಳುಹಿಸಿತು ಎನ್ನಿ. ಸ್ವಿಚ್ಚಿನ ಪಟ್ಟಿ ಇನ್ನೂ ಖಾಲಿ. ಕಳುಹಿಸಿದವರ ವಿಳಾಸ ಓದಿ ‘ಇವರು ಮೂರನೇ ಪೋರ್ಟಿನಲ್ಲಿದ್ದಾರೆ’ ಎಂದು ಬರೆದಿಟ್ಟುಕೊಳ್ಳುತ್ತದೆ. ಪ್ರಿಂಟರ್ ಎಲ್ಲಿದೆಯೆಂದು ಗೊತ್ತಿಲ್ಲದ ಕಾರಣ ಆ ಫ್ರೇಮನ್ನು ಉಳಿದೆಲ್ಲ ಪೋರ್ಟುಗಳಿಗೂ ಹಂಚುತ್ತದೆ. ಪ್ರಿಂಟರ್ ಉತ್ತರ ಕೊಟ್ಟ ಕೂಡಲೇ ಅದರ ಜಾಗವೂ ಪಟ್ಟಿ ಸೇರುತ್ತದೆ. ಅಲ್ಲಿಂದಾಚೆ ಇವರಿಬ್ಬರ ಮಾತು ಮೂರು ಮತ್ತು ಏಳರ ನಡುವೆಯೇ ನಡೆಯುತ್ತದೆ. ಅದೇ ಹೊತ್ತಿಗೆ ಒಂದು ಮತ್ತು ಐದನೇ ಪೋರ್ಟುಗಳು ತಮ್ಮ ಪಾಡಿಗೆ ಮಾತಾಡಬಹುದು. ಸಾಮಾನ್ಯವಾಗಿ 300 ಸೆಕೆಂಡು ಸದ್ದಿಲ್ಲದ ಯಂತ್ರದ ಹೆಸರನ್ನು ಸ್ವಿಚ್ ಪಟ್ಟಿಯಿಂದ ಅಳಿಸುತ್ತದೆ. ಹಾಗಾಗಿ ಕಂಪ್ಯೂಟರನ್ನು ಬೇರೆ ಪೋರ್ಟಿಗೆ ಬದಲಿಸಿದರೂ ಗೊಂದಲ ಉಳಿಯುವುದಿಲ್ಲ.

ಗೊತ್ತಿಲ್ಲದಿದ್ದರೆ ಎಲ್ಲರಿಗೂ ಹಂಚುವ ಈ ಗುಣವೇ ಒಮ್ಮೊಮ್ಮೆ ಮುಳುವಾಗುತ್ತದೆ. ಎರಡು ಸ್ವಿಚ್ಚುಗಳ ನಡುವೆ ಯಾರೋ ಎರಡು ಕೇಬಲ್ ಹಾಕಿದರು ಎಂದುಕೊಳ್ಳಿ. ಎಲ್ಲರಿಗೂ ಉದ್ದೇಶಿಸಿದ ಒಂದು ಫ್ರೇಮ್ ಒಂದು ಕೇಬಲ್ಲಿನಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತದೆ, ಮತ್ತೆ ಹೊರಡುತ್ತದೆ. ಇಂಟರ್ನೆಟ್ಟಿನ ಐಪಿ ಪ್ಯಾಕೆಟ್ಟಿಗೆ ಇಷ್ಟು ರೌಟರ್ ದಾಟಿದ ಮೇಲೆ ಸಾಯಬೇಕು ಎಂಬ ಲೆಕ್ಕವಿದೆ. ಈಥರ್ನೆಟ್ ಫ್ರೇಮಿಗೆ ಅದಿಲ್ಲ. ಇಂಥ ಫ್ರೇಮುಗಳು ತಿರುಗುತ್ತಾ ತುಂಬಿಕೊಂಡು, ಸೆಕೆಂಡುಗಳಲ್ಲೇ ಇಡೀ ಕಚೇರಿಯ ನೆಟ್‌ವರ್ಕ್ ಸ್ತಬ್ಧವಾಗುತ್ತದೆ.

ಇದಕ್ಕೆ ಪರಿಹಾರ ಕೊಟ್ಟವರು ರಾಡಿಯಾ ಪರ್ಲ್‌ಮನ್. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದಾಗ 1985ರಲ್ಲೇ, ಸ್ವಿಚ್ಚಿಗೆ ಮುಂಚಿನ ಇಂಥದೇ ಸಾಧನಗಳಿಗಾಗಿ, ಅವರು ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೂಪಿಸಿದರು. ಸ್ವಿಚ್ಚುಗಳು ಚಿಕ್ಕ ಸಂದೇಶಗಳನ್ನು ವಿನಿಮಯ ಮಾಡಿಕೊಂಡು ತಮ್ಮಲ್ಲಿ ಒಂದನ್ನು ಮರದ ಬೇರಿನಂತೆ ಮೂಲವಾಗಿ ಆರಿಸುತ್ತವೆ. ಅಲ್ಲಿಗೆ ಹೋಗುವ ಹತ್ತಿರದ ದಾರಿ ಉಳಿಸಿ ಸುತ್ತು ಹಾಕುವ ದಾರಿಗಳನ್ನು ಮುಚ್ಚುತ್ತವೆ. ಮುಚ್ಚಿದ ದಾರಿ ವ್ಯರ್ಥವಲ್ಲ: ಮುಖ್ಯ ಕೇಬಲ್ ತುಂಡಾದರೆ ಅದು ತೆರೆದುಕೊಳ್ಳುತ್ತದೆ. ಕಡಿಮೆ ಬೆಲೆಯ ಸಾದಾ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಆದ್ದರಿಂದ ನೆಟ್‌ವರ್ಕ್ ಇದ್ದಕ್ಕಿದ್ದಂತೆ ಕುಸಿದು ಎಲ್ಲ ದೀಪಗಳೂ ಒಂದೇ ಸಮನೆ ಹುಚ್ಚೆದ್ದು ಮಿನುಗಿದರೆ, ಸಾಫ್ಟ್‌ವೇರ್ ತಡಕುವ ಮುನ್ನ ಹೊಸದಾಗಿ ಸಿಕ್ಕಿಸಿದ ಕೇಬಲ್ ಯಾವುದೆಂದು ಹುಡುಕಿ.

1980ರ ದಶಕದ ಈಥರ್ನೆಟ್ ವೇಗ ಸೆಕೆಂಡಿಗೆ 10 ಮೆಗಾಬಿಟ್. ಇಂದು ಡೇಟಾ ಸೆಂಟರುಗಳಲ್ಲಿ 400 ಗಿಗಾಬಿಟ್ ಓಡುತ್ತಿದೆ. ಕೇಬಲ್ ಬದಲಾಯಿತು, ಚಿಪ್ ಬದಲಾಯಿತು. ಫ್ರೇಮಿನ ಮೊದಲ 12 ಬೈಟುಗಳ ಜೋಡಣೆ ಮಾತ್ರ ಬದಲಾಗಲಿಲ್ಲ. ಅಷ್ಟನ್ನು ಅರಿತವರು ಯಾವ ಕಂಪನಿಯ ಸ್ವಿಚ್ಚಿನ ಮುಂದೆಯೂ ಧೈರ್ಯವಾಗಿ ಕೆಲಸ ಶುರುಮಾಡಬಹುದು.