ಪೇಷಂಟ್ ಕಡೆಯವರು ಯಾರು?

ಎಮರ್ಜೆನ್ಸಿ ಕೋಣೆಯ ಬಾಗಿಲು ಅರ್ಧ ತೆರೆದು ಸಿಸ್ಟರ್ ಕೂಗುತ್ತಾರೆ: "ಪೇಷಂಟ್ ಕಡೆಯವರು ಯಾರ್ರೀ?" ಬೆಂಚಿನಿಂದ ದಡಕ್ಕನೆ ಎದ್ದ ಹೆಂಗಸಿಗೆ ಮುಂದಿನ ಪ್ರಶ್ನೆ, "ನೀವು ಏನಾಗ್ಬೇಕು?" "ನಮ್ಮ ಯಜಮಾನ್ರು." ಆಮೇಲೆ ಮೂರನೆಯದು: "ನೋವು ಎಷ್ಟು ಗಂಟೆಗೆ ಶುರುವಾಯ್ತು? ಮನೇಲಿ ಯಾವ ಮಾತ್ರೆ ತಗೋತಿದ್ರು?"

ಒಳಗಿರುವ ಯಾವ ಯಂತ್ರಕ್ಕೂ ಈ ಮೂರನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಇಸಿಜಿ ಈ ಗಳಿಗೆಯ ಹೃದಯವನ್ನು ತೋರಿಸುತ್ತದೆ, ರಾತ್ರಿ ಊಟದ ಹೊತ್ತಿಗೆ ಮನುಷ್ಯ ಹೇಗಿದ್ದ ಎಂಬುದನ್ನು ತೋರಿಸದು. ಅದು ಗೊತ್ತಿರುವುದು ಪಕ್ಕದಲ್ಲಿ ಊಟಕ್ಕೆ ಕೂತಿದ್ದವರಿಗೆ. ಗಂಡನೋ ಹೆಂಡತಿಯೋ ಹಠಾತ್ತನೆ ಕುಸಿದಾಗ ಜೊತೆಗಾರರು ಮಾಡಬಹುದಾದ ಕೆಲಸಗಳಲ್ಲಿ ಬಹುಪಾಲು ಈ ನೆನಪಿನ ಕೆಲಸವೇ.

ಮೊದಲ ಅಡ್ಡಿ ಎದುರಾಗುವುದು ಆಸ್ಪತ್ರೆಯಲ್ಲಲ್ಲ, ಅಡುಗೆಮನೆಯಲ್ಲಿ. "ಗ್ಯಾಸ್ಟ್ರಿಕ್ ಇರಬೇಕು" ಎಂಬ ಒಂದು ಮಾತು ನಮ್ಮ ಮನೆಗಳಲ್ಲಿ ಎಷ್ಟು ಹೊತ್ತನ್ನು ನುಂಗಿಬಿಡುತ್ತದೆ! ಜೀರಿಗೆ ಕಷಾಯ, ಸೋಡಾ, ಈನೋ, ಬೆನ್ನಿಗೆ ಅಮೃತಾಂಜನ, "ಸ್ವಲ್ಪ ಮಲಗಿ ನೋಡೋಣ." ಎದೆಯ ನಡುವೆ ಒತ್ತಿದಂತೆ ನೋವು, ಎಡಗೈಗೋ ದವಡೆಗೋ ಹರಡುವ ಸೆಳೆತ, ತಣ್ಣನೆಯ ಬೆವರು ಕಂಡರೆ ಕಷಾಯಕ್ಕೆ ನೀರಿಡುವ ಹೊತ್ತಲ್ಲ ಅದು. ಹೆಂಗಸರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರಲ್ಲಿ ಹೃದಯಾಘಾತ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರು ಕಟ್ಟುವುದು, ವಾಕರಿಕೆ, ಬೆನ್ನುನೋವು, ವಿಪರೀತ ಸುಸ್ತಾಗಿಯೂ ಬರಬಹುದು. ಮನೆಯವರೆಲ್ಲರ ನೋವು ನೋಡಿಕೊಳ್ಳುವ ಆಕೆ ತನ್ನದಕ್ಕೆ ಮಾತ್ರ "ಏನಿಲ್ಲ ಬಿಡಿ" ಅನ್ನುತ್ತಾಳೆ. ಆ ಮಾತನ್ನು ನಂಬದಿರುವುದು ಗಂಡನ ಕರ್ತವ್ಯ.

2021ರ ಅಕ್ಟೋಬರ್ 29ರ ಬೆಳಿಗ್ಗೆ ನಟ ಪುನೀತ್ ರಾಜ್‌ಕುಮಾರ್ ಅವರಿಗೆ ಮೈ ಸರಿಯಿಲ್ಲವೆನಿಸಿದಾಗ ಪತ್ನಿ ಅಶ್ವಿನಿ ಜೊತೆಗಿದ್ದರು. ಇಬ್ಬರೂ ಕುಟುಂಬ ವೈದ್ಯ ಡಾ. ರಮಣ ರಾವ್ ಅವರ ಕ್ಲಿನಿಕ್‌ಗೆ ಹೋದರು, ಇಸಿಜಿ ಆಯಿತು, ಅಲ್ಲಿಂದ ಆಸ್ಪತ್ರೆಗೆ ಧಾವಿಸಿದರು. 46 ವರ್ಷದ ಪುನೀತ್ ಉಳಿಯಲಿಲ್ಲ. ಜೊತೆಗಿದ್ದವರು ತಡಮಾಡದೆ ಓಡಿದರೂ ಕೆಲವೊಮ್ಮೆ ಕೈಮೀರುತ್ತದೆ. ಹಾಗೆ ಕಳೆದುಕೊಂಡವರು ಮುಂದೆ ವರ್ಷಗಟ್ಟಲೆ ತಮ್ಮನ್ನೇ ದೂರಿಕೊಳ್ಳುತ್ತಾರೆ, ಅವರಿಗೆ ಈ ಮಾತನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ಕೂತಲ್ಲಿಂದಲೇ ನೋಡುತ್ತಾರೆ. ಹೃದಯಾಘಾತ ಖಚಿತವಾದರೆ, ರಕ್ತದ ಗಡ್ಡೆ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಬಂದರೆ ತೊಂದರೆ ಬೇರೆ ಥರದ್ದು. ರಾಜಾಜಿನಗರದಲ್ಲಿ ಪ್ರತಿ ಬ್ಲಾಕಿಗೂ ಮೇನ್‌ಗಳು, ಕ್ರಾಸ್‌ಗಳು. ಬಸವೇಶ್ವರನಗರಕ್ಕೆ ಸ್ಟೇಜ್‌ಗಳು. ಗಾಬರಿಯಲ್ಲಿ 108ಕ್ಕೆ ಫೋನ್ ಮಾಡಿ "ಎಂಟನೇ ಕ್ರಾಸ್, ಬೇಗ ಬನ್ನಿ" ಅಂದರೆ ಆಂಬುಲೆನ್ಸ್ ಎಲ್ಲಿಗೆ ಬರಬೇಕು? ಬ್ಲಾಕು, ಮೇನು, ಎದುರಿನ ಗುಡಿಯದೋ ಬೇಕರಿಯದೋ ಗುರುತು, ಈ ಮೂರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟರೆ ಆ ರಾತ್ರಿ ಓದಿ ಹೇಳಿದರಾಯಿತು. ಒಬ್ಬರು ಗೇಟು ತೆಗೆದು ರಸ್ತೆಯಲ್ಲಿ ನಿಲ್ಲಬೇಕು. ಕೈನಡುಗುವ ಗಂಡ ಅಥವಾ ಹೆಂಡತಿ ತಾವೇ ಕಾರು ಓಡಿಸುವುದು ಬೇಡ. ಮನುಷ್ಯ ಕುಸಿದು ಮಾತಾಡಿಸಿದರೂ ಓಗೊಡದೆ, ಉಸಿರಾಟವೂ ಸರಿಯಾಗಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಕಾಯುತ್ತ ಕೂರುವಂತಿಲ್ಲ. ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು.

ಎಲ್ಲಿಗೆ ಕರೆದೊಯ್ಯುವುದು ಎಂಬ ಚರ್ಚೆಯೂ ಆ ರಾತ್ರಿಗೆ ಉಳಿಯಬಾರದು. ಕೆಂಗೇರಿಯವರು ಮೈಸೂರು ರಸ್ತೆಯ ವಾಹನಗಳ ನಡುವೆ ದೊಡ್ಡ ಹೆಸರಿನ ಆಸ್ಪತ್ರೆ ಹುಡುಕಿಕೊಂಡು ಊರಿನ ಇನ್ನೊಂದು ತುದಿಗೆ ಹೋಗುವುದಕ್ಕಿಂತ, ಹತ್ತಿರದಲ್ಲೇ 24 ಗಂಟೆಯೂ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್‌ಲ್ಯಾಬ್ ಮತ್ತು ಸಿಟಿ ಸ್ಕ್ಯಾನ್ ಇರುವುದೆಲ್ಲಿ ಎಂದು ಸುಖವಾಗಿರುವ ದಿನವೇ ಕೇಳಿ ತಿಳಿದುಕೊಳ್ಳುವುದು ಮೇಲು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಎಷ್ಟೋ ಮನೆಗಳಲ್ಲಿ ಇಎಸ್‌ಐ ವಿಮೆಯ ಕಾರ್ಡು ಇರುವುದು ಹೆಂಡತಿಯ ಹೆಸರಿನಲ್ಲಿ, ಗಂಡನಿಗೂ ಆ ಕಾರ್ಡಿನ ಮೇಲೇ ಚಿಕಿತ್ಸೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇಂಥ ಸಂಸಾರಗಳಿಗೆಂದೇ ಇರುವುದು. ಕಾರ್ಡಿನಲ್ಲಿ ಗಂಡನ ಹೆಸರು ಸೇರಿದೆಯೇ ಎಂದು ಇವತ್ತೇ ನೋಡಿಕೊಳ್ಳಬೇಕು.

ಲಕ್ವ ಹೊಡೆದಾಗಲಂತೂ ನೆನಪಿಗೆ ಇನ್ನೂ ಬೆಲೆ. ಬಾಯಿ ಸೊಟ್ಟಗಾಯಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಎಂದರೆ ವೈದ್ಯರು ಕೇಳುವುದು "ಕೊನೆಯ ಸಲ ಸರಿಯಾಗಿ ಇದ್ದದ್ದನ್ನು ನೋಡಿದ್ದು ಯಾವಾಗ?" ಎಂದು. ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಗಡಿಯಾರ ಶುರುವಾಗುವುದು ಆ ಕೊನೆಯ ಸಲದಿಂದ. ಬೆಳಿಗ್ಗೆ ಆರಕ್ಕೆ ಎದ್ದಾಗ ಕೈ ಬಿದ್ದುಹೋಗಿದ್ದರೆ ಲೆಕ್ಕ ಆರರಿಂದಲ್ಲ, ರಾತ್ರಿ ಮಲಗಿದ ಹೊತ್ತಿನಿಂದ. ಆದರೆ ನಡುರಾತ್ರಿ ಮೂರಕ್ಕೆ ಎದ್ದು ನೀರು ಕುಡಿದು ಎರಡು ಮಾತಾಡಿ ಮಲಗಿದ್ದು ಹೆಂಡತಿಗೆ ನೆನಪಿದ್ದರೆ ಲೆಕ್ಕವೇ ಬದಲಾಗುತ್ತದೆ, ಚಿಕಿತ್ಸೆಯೂ ಬದಲಾಗಬಹುದು. ಆಸ್ಪತ್ರೆ ಸೇರುವವರೆಗೆ ಬಾಯಿಗೆ ನೀರಾಗಲಿ ಮಾತ್ರೆಯಾಗಲಿ ಹಾಕಬಾರದು. ನುಂಗುವ ಶಕ್ತಿ ಹೋಗಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಿದುಳಿನಲ್ಲಿ ಆಗಿರುವುದು ರಕ್ತಸ್ರಾವವಾಗಿದ್ದರೆ ಆಸ್ಪಿರಿನ್ ಅದನ್ನು ಹೆಚ್ಚಿಸಬಹುದು, ಅದು ತಿಳಿಯುವುದು ಸ್ಕ್ಯಾನ್ ಆದಮೇಲೇ.

ದುಡ್ಡಿನ ಚಿಂತೆ ಕಾಡದ ಮನೆಯಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕಟ್ಟಿ ಎಂದು ಆಸ್ಪತ್ರೆ ಒತ್ತಾಯಿಸುವಂತಿಲ್ಲ. ಇನ್ಶೂರೆನ್ಸ್ ಇದ್ದವರಿಗೆ ನಗದುರಹಿತ ಚಿಕಿತ್ಸೆಯ ಕೋರಿಕೆ ಬಂದ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಹೇಳಿದೆ. ಕೌಂಟರಿನ ಈ ಓಡಾಟ ಅಣ್ಣತಮ್ಮಂದಿರಿಗೋ ಭಾವನಿಗೋ ಇರಲಿ. ಹೆಂಡತಿ ವೈದ್ಯರ ಕೈಗೆ ಸಿಗುವ ಜಾಗದಲ್ಲಿ ಕೂತಿರಲಿ.

ಸಹಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆಂಡತಿಗೆ ಪೂರ್ತಿ ಎಚ್ಚರವಿದ್ದರೂ ಫಾರಂ ಗಂಡನ ಮುಂದೆ ಬರುವುದು, ಆತ ಓದದೆ ಸಹಿ ಹಾಕುವುದು ಇನ್ನೂ ನಡೆದೇ ಇದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ವಯಸ್ಕಳಾದ ರೋಗಿಯ ಒಪ್ಪಿಗೆಯನ್ನು ಆಕೆಯೇ ಕೊಡಬೇಕು, ಪ್ರಾಣಾಪಾಯವಿಲ್ಲದಾಗ ತಾಯಿಯ ಒಪ್ಪಿಗೆಯೂ ಅದಕ್ಕೆ ಬದಲಿಯಲ್ಲ. ಗಂಡ ಮಾಡಬೇಕಾದ್ದು ಆಕೆಯ ಪಕ್ಕ ಕೂತು, ವೈದ್ಯರು ಹೇಳಿದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳಿ, ಪೆನ್ನನ್ನು ಆಕೆಯ ಕೈಗೆ ಕೊಡುವುದು.

ಇನ್ನು ಐಸಿಯು. ಚಪ್ಪಲಿ ಹೊರಗೆ ಬಿಟ್ಟು, ಪಾಸ್ ತೋರಿಸಿ, ಒಬ್ಬೊಬ್ಬರೇ ಒಳಗೆ ಹೋಗಿ ಬರುವ ಕೆಲವೇ ನಿಮಿಷ. ಮೂರನೇ ದಿನ ಗಂಡ ಹೆಂಡತಿಯ ಗುರುತು ಹಿಡಿಯುವುದಿಲ್ಲ, ಡ್ರಿಪ್ ಕಿತ್ತುಹಾಕಲು ನೋಡುತ್ತಾರೆ, ಗೋಡೆಯ ಮೇಲೆ ಯಾರೋ ಓಡಾಡುತ್ತಿದ್ದಾರೆ ಅನ್ನುತ್ತಾರೆ. ಆಕೆ ಹೊರಗೆ ಬಂದು ಕುಸಿಯುತ್ತಾಳೆ: "ಬುದ್ಧಿನೇ ಹೋಗ್ಬಿಟ್ಟಿದೆ." ಇದು ಹುಚ್ಚಲ್ಲ. ವೈದ್ಯರು ಡೆಲಿರಿಯಮ್ ಎನ್ನುವ ಈ ಗೊಂದಲ ಬರುವುದು ಸೋಂಕು, ಔಷಧಿ, ನಿದ್ರೆಗೇಡು, ಹಗಲು ರಾತ್ರಿ ಒಂದೇ ಆಗಿ ಉರಿಯುವ ದೀಪ ಎಲ್ಲ ಸೇರಿ. ವೆಂಟಿಲೇಟರ್ ಮೇಲಿದ್ದವರಲ್ಲಿ, ವಯಸ್ಸಾದವರಲ್ಲಿ ಬಹಳ ಸಾಮಾನ್ಯ. ಬಹುಪಾಲು ಜನರಲ್ಲಿ ದಿನಗಳಲ್ಲಿ ಇಳಿಯುತ್ತದೆ. ಇಲ್ಲೂ ಮನೆಯವರ ನೆನಪೇ ಮದ್ದಿನ ಒಂದು ಭಾಗ. ಕನ್ನಡಕ, ಕಿವಿಯ ಮೆಷಿನ್ ತಂದು ಕೊಡಬೇಕು. ಅವು ಮನೆಯಲ್ಲೇ ಉಳಿದುಬಿಟ್ಟರೆ ಕಣ್ಣೂ ಕಿವಿಯೂ ಮಬ್ಬಾದ ಮನುಷ್ಯ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾನೆ. ಕೈ ಹಿಡಿದು ಮನೆಯ ಕನ್ನಡದಲ್ಲಿ ಹೇಳಬೇಕು: "ಇವತ್ತು ಗುರುವಾರ, ಈಗ ಸಂಜೆ ಐದು ಗಂಟೆ. ರಾಜಾಜಿನಗರದ ಆಸ್ಪತ್ರೆಯಲ್ಲಿದ್ದೀರಿ. ಹೊರಗೆ ಮಳೆ ಬಂತು, ಬಟ್ಟೆ ಒಳಗೆ ಹಾಕಿ ಬಂದೆ." "ಇವರು ಯಾವಾಗಲೂ ಹೀಗಲ್ಲ, ನಿನ್ನೆಯಿಂದ ಬೇರೆ ಥರ ಆಡ್ತಿದ್ದಾರೆ" ಎಂದು ಡ್ಯೂಟಿ ಡಾಕ್ಟರಿಗೆ ಮೊದಲು ಹೇಳಬಲ್ಲವಳೂ ಆಕೆಯೇ.

ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ನ ಐಸಿಯುಗಳಲ್ಲಿ ಒಂದು ರೂಢಿಯಿದೆ. ರೋಗಿಗೆ ಪ್ರಜ್ಞೆ ಇಲ್ಲದ ದಿನಗಳನ್ನು ನರ್ಸ್‌ಗಳೂ ಮನೆಯವರೂ ಒಂದು ದಿನಚರಿಯಲ್ಲಿ ಬರೆದಿಡುತ್ತಾರೆ. ಚೇತರಿಸಿಕೊಂಡವರು ಆಮೇಲೆ ಓದಿ, ತಮ್ಮ ಬದುಕಿನಿಂದ ಕಾಣೆಯಾದ ದಿನಗಳನ್ನು ಕೂಡಿಸಿಕೊಳ್ಳುತ್ತಾರೆ. ಇದಕ್ಕೆ ವಿದೇಶದ ಆಸ್ಪತ್ರೆ ಬೇಕಿಲ್ಲ, ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ಏನೆಂದರು, ಯಾವ ಟೆಸ್ಟ್ ಆಯಿತು, ಕೇಳಬೇಕಾದ ಪ್ರಶ್ನೆ ಯಾವುದು, ಎಲ್ಲವೂ ಅದರಲ್ಲೇ ಇರಲಿ. ನಿದ್ದೆಗೆಟ್ಟ ತಲೆಯಲ್ಲಿ ಯಾವುದೂ ನಿಲ್ಲುವುದಿಲ್ಲ.

ಈ ನಿದ್ದೆಗೆಟ್ಟ ತಲೆಯ ಕಡೆಗೆ ಯಾರೂ ನೋಡುವುದಿಲ್ಲ ಎಂಬುದು ನಿಜವಾದ ನೋವು. ಐಸಿಯು ರೋಗಿಗಳ ಮನೆಯವರಲ್ಲಿ ತಿಂಗಳುಗಟ್ಟಲೆ ಉಳಿಯುವ ಆತಂಕ, ಖಿನ್ನತೆ, ಬೆಚ್ಚಿ ಏಳುವಿಕೆಗೆ ವೈದ್ಯಲೋಕ ಈಗ ಪ್ರತ್ಯೇಕ ಹೆಸರನ್ನೇ ಇಟ್ಟಿದೆ. ಬಸವೇಶ್ವರನಗರದ ಮನೆಯೊಂದನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಎಪ್ಪತ್ತು ದಾಟಿದೆ, ಮಗ ಅಮೆರಿಕದಲ್ಲಿ. ಇಲ್ಲಿ ರಾತ್ರಿಯಾದಾಗ ಅಲ್ಲಿ ಹಗಲು, ಹಾಗಾಗಿ ಆಕೆಯ ಫೋನು ಮಲಗುವುದೇ ಇಲ್ಲ. ತನ್ನ ಬಿಪಿ ಮಾತ್ರೆ ತಗೊಂಡು ಮೂರು ದಿನವಾಗಿದೆ ಎಂಬುದು ಆಕೆಗೇ ಮರೆತಿದೆ. ನೆಂಟರು ಎಳನೀರು ತರುತ್ತಾರೆ (ಕಿಡ್ನಿ ತೊಂದರೆ ಇರುವ ರೋಗಿಗೆ ಅದರ ಪೊಟ್ಯಾಸಿಯಂ ಅಪಾಯ, ಕೇಳದೆ ಕೊಡಬಾರದು), "ಹೇಗಾಯ್ತು?" ಎಂದು ಮೊದಲಿನಿಂದ ಕತೆ ಹೇಳಿಸುತ್ತಾರೆ. ಇದರ ಬದಲು ಒಬ್ಬರು ಎಲ್ಲರ ಫೋನನ್ನೂ ವಹಿಸಿಕೊಳ್ಳಲಿ. ಇನ್ನೊಬ್ಬರು ಡಬ್ಬಿಯಲ್ಲಿ ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ ತಂದು, "ನಾನು ಕೂತಿರ್ತೀನಿ, ನೀವು ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ ಬನ್ನಿ ಅಕ್ಕ" ಎನ್ನಲಿ. ಎದೆಯ ಭಾರ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಡಿಸ್ಚಾರ್ಜ್ ದಿನ ಎಲ್ಲರಿಗೂ ಮನೆ ಸೇರುವ ಆತುರ. ಹಳೆಯ ಮಾತ್ರೆಗಳನ್ನು ಒಂದು ಚೀಲದಲ್ಲಿ ತುಂಬಿ ತಂದು, ಡಿಸ್ಚಾರ್ಜ್ ಸಮ್ಮರಿಯ ಪಕ್ಕ ಇಟ್ಟು ಒಂದೊಂದನ್ನೇ ಕೇಳಬೇಕಾದ್ದು ಅಂದೇ: ಇದು ಇರಲೋ, ನಿಲ್ಲಿಸಲೋ? ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಎರಡು ಪಟ್ಟು ಹೊಟ್ಟೆಗೆ ಹೋಗುವುದು ಹೀಗೆ ಕೇಳದಿದ್ದಾಗಲೇ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು, ಹಲ್ಲು ಕೀಳಿಸಬೇಕೆಂದೋ ಉಪವಾಸವೆಂದೋ, ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡುವಂತಿಲ್ಲ.

ಮನೆಗೆ ಬಂದಮೇಲೆ ಕೆಲವು ವಾರ ಹೆಂಡತಿ ರಾತ್ರಿ ಎದ್ದು ಗಂಡನ ಉಸಿರು ಕೇಳಿಸಿಕೊಳ್ಳುತ್ತಾಳೆ. ಆತ ಕೆಮ್ಮಿದರೆ ದೀಪ ಹಾಕುತ್ತಾಳೆ. ಡಾಕ್ಟರು ನಡೆಯಿರಿ ಎಂದ ದಿನ ಇಬ್ಬರೂ ಚಪ್ಪಲಿ ಮೆಟ್ಟಿ ಗೇಟು ದಾಟುತ್ತಾರೆ, ಮೊದಲ ದಿನ ಕ್ರಾಸಿನ ಮೂಲೆಯವರೆಗೆ, ಮರುದಿನ ಪಾರ್ಕಿನವರೆಗೆ. ಆಕೆಯ ಪರ್ಸಿನಲ್ಲಿ ಮಡಿಸಿಟ್ಟ ಚೀಟಿಯಿದೆ. ಮಾತ್ರೆಗಳ ಹೆಸರು, ರಕ್ತದ ಗುಂಪು, ಆಸ್ಪತ್ರೆಯ ನಂಬರು, ಕೆಳಗೆ ಬೇರೆ ಶಾಯಿಯಲ್ಲಿ ಆಕೆಯ ಬಿಪಿ ಮಾತ್ರೆಯದೂ.