ಸೂಲಗಿತ್ತಿ ಒಲ್ಲೆನೆಂದಳು

ನನ್ನ ತವರುಮನೆಯಲ್ಲಿ ಒಂದು ನಡುಕೋಣೆಯುಂಟು. ಹಗಲಿನಲ್ಲಿಯೂ ದೀಪವಿಲ್ಲದೆ ಅಲ್ಲಿ ಏನೂ ಕಾಣದು. ಮೇಲಿನ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕುಳಿತು ಕೊಬ್ಬರಿಯಾಗುವ ಕಾಯಿಗಳ ವಾಸನೆ ಗೋಡೆಗಳಿಗೆಲ್ಲ ಹತ್ತಿಕೊಂಡಿದೆ. ನಾನು ಹುಟ್ಟಿದ್ದು ಆ ಕೋಣೆಯಲ್ಲಿ. 1990ರಲ್ಲಿ ನನ್ನ ಮಗಳನ್ನು ಹೆತ್ತದ್ದೂ ಅಲ್ಲಿಯೇ. ಬೋರನಕಣಿವೆಯ ಜಲಾಶಯದ ಕಡೆಯಿಂದ ಬೀಸುವ ಗಾಳಿಗೆ ತೆಂಗಿನ ಗರಿಗಳು ಸದ್ದು ಮಾಡುತ್ತಿದ್ದ ಆ ರಾತ್ರಿಯ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮಗಳಿಗೆ ಹೇಳಿದೆ, ಅವಳ ಗೆಳತಿಯರಿಗೆ ಹೇಳಿದೆ, ಪಾಠ ಬೇಸರವಾದ ಮಧ್ಯಾಹ್ನಗಳಲ್ಲಿ ಶಾಲೆಯ ಹುಡುಗಿಯರಿಗೂ ಹೇಳಿದೆ. ಕಥೆ ಫಲ ಕೊಟ್ಟಿತು. ಹೋದ ವರ್ಷ ಚೊಚ್ಚಲು ಬಸುರಿಯಾಗಿ ಬೆಂಗಳೂರಿನಿಂದ ಬಂದ ಮಗಳು, "ಅಮ್ಮ, ನಾನೂ ಆ ಕೋಣೆಯಲ್ಲೇ ಹೆರುತ್ತೇನೆ" ಎಂದಳು.

ನಾನು ಹೇಳುತ್ತಿದ್ದ ಕಥೆ ಇಷ್ಟು. ನೋವು ಕಾಣಿಸಿಕೊಂಡದ್ದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಹುಳಿಯಾರಿಗೆ ಗಾಡಿ ಕಟ್ಟೋಣವೆಂದು ನಮ್ಮ ತಂದೆ ಹೊರಟರು. ಬೇಡವೆಂದವಳು ನಾನೇ. ನನ್ನನ್ನು ಈ ಲೋಕಕ್ಕೆ ತಂದ ಸೂಲಗಿತ್ತಿ ಅಜ್ಜಿ ಇನ್ನೂ ಬದುಕಿದ್ದಳು. ಅವಳ ಕೈ ಸಾಕೆಂದೆ. ಅಜ್ಜಿ ಬಂದಳು, ಜೊತೆಗೆ ಸೊಸೆಯೂ ಬಂದಳು. ಸೊಸೆಗೆ ಸರ್ಕಾರದವರು ದಾಯಿಯರಿಗೆ ಕೊಡುತ್ತಿದ್ದ ತರಬೇತಿ ಆಗಿತ್ತು. ಅವಳು ಒಲೆಯ ಮೇಲೆ ನೀರಿಟ್ಟು ದಾರವನ್ನೂ ಹೊಸ ಬ್ಲೇಡನ್ನೂ ಕುದಿಸಿದಳು. ನಮ್ಮ ತಾಯಿ ಬೆನ್ನಿಗೆ ಹರಳೆಣ್ಣೆ ತಿಕ್ಕಿದರು. ಪಕ್ಕದ ಮನೆಯ ಅತ್ತೆ ಜೀರಿಗೆಯ ಕಷಾಯ ಕಾಯಿಸುತ್ತ, ಯಾರದೋ ಮದುವೆಯಲ್ಲಿ ಪಾಯಸ ಸೀದುಹೋದ ವೃತ್ತಾಂತವನ್ನು ಹೇಳಿ ನಗಿಸಿದರು. ಅಜ್ಜಿ ಮಾತ್ರ ಹೆಚ್ಚು ಮಾತನಾಡಲಿಲ್ಲ. ಮನೆಯ ಪೆಟ್ಟಿಗೆಗಳ ಬೀಗಗಳನ್ನೆಲ್ಲ ತೆಗೆಸಿದಳು, ನನ್ನ ತುರುಬು ಬಿಚ್ಚಿಸಿದಳು. ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರಿಸೆಂದಳು. ಮಲಗು ಎಂದು ಒಮ್ಮೆಯೂ ಹೇಳಲಿಲ್ಲ. ಬೆಳಗಿನ ಕೋಳಿ ಕೂಗುವ ಮೊದಲು ಮಗು ಅತ್ತಿತು. ಮಾಸನ್ನು ಹಿತ್ತಿಲಲ್ಲಿ ಹೂತು ಮೇಲೊಂದು ತೆಂಗಿನ ಸಸಿ ನೆಟ್ಟರು. ಆ ಮರ ಈಗಲೂ ಫಸಲು ಕೊಡುತ್ತಿದೆ.

ಮಗಳು ಬರಿಯ ಕಥೆಯನ್ನು ನಂಬಿ ಬಂದವಳಲ್ಲ, ಓದಿಕೊಂಡು ಬಂದಿದ್ದಳು. ಕರ್ನಾಟಕದಲ್ಲಿ ಈಗ ನೂರು ಹೆರಿಗೆಗಳಲ್ಲಿ ಮೂವತ್ತಕ್ಕಿಂತ ಹೆಚ್ಚು ಹೊಟ್ಟೆ ಕೊಯ್ದು ಆಗುತ್ತವೆ, ಹತ್ತು ಹದಿನೈದಕ್ಕಿಂತ ಹೆಚ್ಚು ಬೇಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿಯೇ ಹೇಳಿರಲಿಲ್ಲವೇ ಎಂದಳು. ಹಾಲೆಂಡಿನಲ್ಲಿ ಇಂದಿಗೂ ಎಷ್ಟೋ ಹೆಂಗಸರು ಸೂಲಗಿತ್ತಿಯರನ್ನು ಕರೆಸಿಕೊಂಡು ಮನೆಯಲ್ಲಿ ಹೆರುವುದಿಲ್ಲವೇ? ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲಿಯೇ ಹೆಚ್ಚು ಬಾಣಂತಿಯರು ಸಾಯುತ್ತಿರಲಿಲ್ಲವೇ? ಈ ಕೊನೆಯ ಮಾತು ನಿಜ. ಅದರ ಕಾರಣವನ್ನು ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ಕಂಡುಹಿಡಿದ: ಹೆಣ ಕೊಯ್ದ ಕೈಯಲ್ಲಿಯೇ ವೈದ್ಯರು ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯಿಸಿದ, ಸಾವು ಇಳಿಯಿತು.

ಅವಳ ಕೊನೆಯ ಅಸ್ತ್ರ ನಮ್ಮ ಜಿಲ್ಲೆಯವರೇ ಆದ ಸೂಲಗಿತ್ತಿ ನರಸಮ್ಮ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಆಕೆ ಶಾಲೆಯ ಮುಖ ಕಂಡವರಲ್ಲ. ತಮ್ಮ ಅಜ್ಜಿಯಿಂದ ವಿದ್ಯೆ ಕಲಿತು, 1940ರಿಂದ ಏಳು ದಶಕ ಆ ಬರಡು ಸೀಮೆಯಲ್ಲಿ 15,000ಕ್ಕಿಂತ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಆ ತಿಂಗಳಲ್ಲಿಯೇ ಕೇಂದ್ರ ಸರ್ಕಾರ, ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ಶಿಕ್ಷಣ ಕೊಟ್ಟು ಸೂಲಗಿತ್ತಿಯರನ್ನಾಗಿ ಮಾಡುವ ಯೋಜನೆಯನ್ನು ಹೊರಡಿಸಿತು. ಆದರೆ ಆ ದಾದಿಯರು ಕೆಲಸ ಮಾಡಬೇಕಾದುದು ಆಸ್ಪತ್ರೆಯಲ್ಲಿ, ನಮ್ಮ ನಡುಕೋಣೆಯಲ್ಲಲ್ಲ. ಇದನ್ನು ಮಗಳು ಗಮನಿಸಿರಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಿದ್ದಳು.

ಸೂಲಗಿತ್ತಿ ಎಂಬ ಮಾತು ಎಷ್ಟು ಸೊಗಸು! ಸೂಲು ಎಂದರೆ ಹೆರಿಗೆ. ಇಂದು ಆ ಹಳೆಯ ಶಬ್ದ ಉಳಿದಿರುವುದು ದನದ ಸಂತೆಯಲ್ಲಿ. ಎರಡನೆಯ ಸೂಲಿನ ಎಮ್ಮೆ ಎನ್ನುತ್ತಾರೆ. ಮನುಷ್ಯರಿಗೆ ಡೆಲಿವರಿ ಬಂದಿದೆ.

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದುವು. ಸೊಸೆಗೆ ಈಗ ಅರವತ್ತು ದಾಟಿದೆ. ಮಗಳ ಹಟಕ್ಕೆ ಅವಳನ್ನು ಕರೆಸಿದೆ. ಬಂದವಳು ಕೈ ತೊಳೆದು, ಮಗಳ ಹೊಟ್ಟೆಯನ್ನು ಅಂಗೈಯಿಂದ ಸುತ್ತಲೂ ಸವರಿ, ಮಗುವಿನ ತಲೆ ಕೆಳಗಿದೆ ಎಂದಳು. ಆಮೇಲೆ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ಅದು ಬಿಳಿಚಿಕೊಂಡಿತ್ತು. "ರಕ್ತ ಕಮ್ಮಿ ಐತೆ. ಆಗಾಕಿಲ್ಲ ಕಣವ್ವ" ಎಂದಳು. "ಎಣ್ಣೆ ತಿಕ್ತೀನಿ, ಬಾಣಂತಿಗೆ ನೀರು ಹಾಕ್ತೀನಿ. ಹೆರಿಗೆ ಮಾತ್ರ ನನ್ನ ಕೈಲಿ ಬ್ಯಾಡ."

ಮಗಳು ನನ್ನ ಕಥೆಯನ್ನು ನನ್ನೆದುರಿಗೇ ಅವಳಿಗೆ ಒಪ್ಪಿಸಿದಳು. ಅವಳು ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಅಮ್ಮಾರೆ, ತಂಗ್ಯಮ್ಮನ ವಿಚಾರ ಇವರಿಗೆ ಹೇಳಿಲ್ವಾ?" ಎಂದಳು.

ಹೇಳಿರಲಿಲ್ಲ. 1993ರಲ್ಲಿ ನನ್ನ ಚಿಕ್ಕಪ್ಪನ ಮಗಳು ಅದೇ ಕೋಣೆಯಲ್ಲಿ, ಅದೇ ಹಗ್ಗ ಹಿಡಿದು, ಅದೇ ಅಜ್ಜಿಯ ಕೈಯಲ್ಲಿ ಮೂರನೆಯ ಮಗುವನ್ನು ಹೆತ್ತಳು. ಮೊದಲೆರಡು ಹೂವೆತ್ತಿದಂತೆ ಆಗಿದ್ದುವು. ಮಗು ಬಂತು, ಮಾಸೂ ಬಿತ್ತು, ರಕ್ತ ನಿಲ್ಲಲಿಲ್ಲ. ಅಜ್ಜಿಯ ಕೈ ಶುದ್ಧವಾಗಿಯೇ ಇತ್ತು, ಬ್ಲೇಡು ಕುದಿದಿತ್ತು. ಸೆಮ್ಮೆಲ್‌ವೈಸ್ ಬಂದಿದ್ದರೂ ತಪ್ಪು ಹುಡುಕಲಾರನಾಗಿದ್ದ. ಹೆರಿಗೆಯ ಬಳಿಕ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಳ್ಳಬೇಕು. ಬಿಗಿದುಕೊಳ್ಳದಿದ್ದರೆ ತಾಯಿಯ ರಕ್ತವೆಲ್ಲ ಕೆಲವೇ ಗಳಿಗೆಗಳಲ್ಲಿ ಹರಿದುಹೋಗುತ್ತದೆ. ಅಜ್ಜಿ ಹೊಟ್ಟೆಯನ್ನು ಒತ್ತಿ ಹಿಡಿದೇ ಕುಳಿತಳು. ಹುಳಿಯಾರಿಗೆ ಸೈಕಲಿನಲ್ಲಿ ಹೋದ ಹುಡುಗ ವ್ಯಾನು ತಂದಾಗ ಕೋಣೆಯಲ್ಲಿ ಅಳುತ್ತಿದ್ದುದು ಮಗು ಒಂದೇ. ಅಜ್ಜಿ ಆಮೇಲೆ ಯಾರ ಹೆರಿಗೆಗೂ ಹೋಗಲಿಲ್ಲ. ನಾನೋ, ಮೂವತ್ತು ವರ್ಷ ಒಂದು ರಾತ್ರಿಯ ಕಥೆ ಹೇಳಿ ಇನ್ನೊಂದು ರಾತ್ರಿಯನ್ನು ನುಂಗಿಕೊಂಡೆ. ಒಳ್ಳೆಯ ಕಥೆ ಕೆಡುತ್ತದೆಂಬ ಭಯವಿದ್ದಿರಬೇಕು.

ಮಗಳು ಬಹಳ ಹೊತ್ತು ಮಾತನಾಡಲಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಉಂಟು. 1998–99ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಅರ್ಧ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದುವು. 2019–21ರ ಹೊತ್ತಿಗೆ ನೂರಕ್ಕೆ 97. ಲಕ್ಷ ಶಿಶುಜನನಕ್ಕೆ ಸಾಯುತ್ತಿದ್ದ ತಾಯಂದಿರು 2001–03ರಲ್ಲಿ 228; 2018–20ರಲ್ಲಿ 69. ಇದೆಲ್ಲ ಆಸ್ಪತ್ರೆಯೊಂದರಿಂದಲೇ ಆಯಿತೆನ್ನಲಾಗದು. ರಸ್ತೆ ಬಂತು, 108ರ ವಾಹನ ಬಂತು, ಹುಡುಗಿಯರು ಓದಿದರು. ಮನೆ ಮನೆ ಎಂದು ನಾವು ಹಾಡುವಾಗ ಇನ್ನೊಂದನ್ನೂ ನೆನೆಯಬೇಕು. ನಮ್ಮ ಸುತ್ತಿನ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಗೆ ಮನೆಯ ಬಾಗಿಲೇ ತೆರೆಯುತ್ತಿರಲಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ, ಮಳೆಯಲ್ಲಿ, ಗುಡಿಸಲಿನಲ್ಲಿ ತಾಯಿಯೊಡನಿದ್ದ ಹಸುಗೂಸು ತೀರಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು.

ಮಗಳು ಕಬ್ಬಿಣದ ಮಾತ್ರೆ ನುಂಗಿದಳು, ಆಸ್ಪತ್ರೆಗೆ ಒಪ್ಪಿದಳು; ಒಂದು ಷರತ್ತಿನ ಮೇಲೆ. ಹೆರಿಗೆಯ ಕೋಣೆಯಲ್ಲಿ ತಾಯಿಯ ಜೊತೆಗೆ ಒಬ್ಬ ಹೆಂಗಸು ಇರಬಹುದೆಂದು ಸರ್ಕಾರ 2016ರಲ್ಲಿ ಒಪ್ಪಿದೆ. ಅಂದು ಬಾಗಿಲಲ್ಲಿದ್ದ ದಾದಿ ಮೊದಲು ಗೊಣಗಿದರೂ, "ಒಬ್ಬರೇ ಬನ್ನಿ" ಎಂದಳು. ನಾನು ಎದ್ದೆ. ಮಗಳು ಸೂಲಗಿತ್ತಿಯ ಕೈ ಹಿಡಿದುಕೊಂಡಳು. ನಾನು ಕುಳಿತೆ.

ಒಳಗಿನದನ್ನು ನನಗೆ ಹೇಳಿದವಳು ಅವಳೇ. ಹೆರಿಗೆ ಸಲೀಸಾಗಿ ಆಯಿತಂತೆ. ಆಮೇಲೆ ರಕ್ತ ಜಾಸ್ತಿಯಾಯಿತಂತೆ. "ನಮ್ಮತ್ತೆ ಒತ್ತಿದಂಗೇ ಒತ್ತಿದ್ರು ಅಮ್ಮಾರೆ, ಅದೇ ಜಾಗದಾಗೆ. ಆಮ್ಯಾಕೆ ಸೂಜಿ ಚುಚ್ಚಿದ್ರು, ಇನ್ನೊಂದು ಚುಚ್ಚಿದ್ರು. ನಿಂತೋಯ್ತು. ಆ ಸೂಜಿ ನಮ್ಮತ್ತೆ ತಾವ ಇರಲಿಲ್ಲ." ಹೇಳುತ್ತ ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು. ಮಗಳಿಗೆ ಒಂದು ಬಾಟಲಿ ರಕ್ತ ಕೊಟ್ಟರು.

ಹನ್ನೊಂದನೆಯ ದಿನ ಬಚ್ಚಲಿನಲ್ಲಿ ಅವಳು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಕರಟದ ಕೆಂಡದ ಮೇಲೆ ಸಾಂಬ್ರಾಣಿ ಹೊಗೆಯಾಡುತ್ತಿತ್ತು. ಅವಳಿಗೆಂದು ಮೊರದಲ್ಲಿ ರಾಗಿ, ಬೆಲ್ಲ, ಕಾಯಿ, ರವಿಕೆಯ ಕಣ ಇಟ್ಟು ತಂದೆ. ತಲೆಯೆತ್ತದೆ, "ಮಾಸನ್ನ ಎಲ್ಲಿ ಹೂತ್ರು?" ಎಂದು ಕೇಳಿದಳು. ಹಳದಿ ಚೀಲದಲ್ಲಿ ಹಾಕಿ ಒಯ್ದರೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಸಿಯಾದ್ರೂ ನೆಡ್ರಿ" ಎಂದು ಇನ್ನೊಂದು ಚೆಂಬು ನೀರು ತೋಡಿಕೊಂಡಳು.